ಹುಚ್ಚಮ್ಮ ಕೇಳಿಸಿಕೊಂಡ ಮಾತು

“ಅರ್ಥ ಬೇಡ ಕಣವ್ವ. ಸದ್ದು ಹೇಳು.”

ಶಿವರಾಮು ಇದನ್ನು ಮೂರನೆಯ ಸಲ ಕೇಳಿದ. ಹುಚ್ಚಮ್ಮ ಸೋಸುತ್ತಿದ್ದ ಕೀರೆ ಸೊಪ್ಪನ್ನು ಮೊರದಲ್ಲೇ ಬಿಟ್ಟು ಅವನ ಮುಖ ನೋಡಿದಳು.

“ಸದ್ದು ಅಂದ್ರೆ ಏನಪ್ಪ? ಮಾತಿಗೆ ಅರ್ಥ ತಾನೆ ಇರಾದು. ಬರೀ ಸದ್ದು ಮಾಡಕ್ಕೆ ಅವನೇನ್ ಕರುವಾ?”

“ಕರು ಅಂತ್ಲೇ ಇಟ್ಕೊ. ಕರು ಹೆಂಗೆ ಕೂಗ್ತು ಅಂತ ಕೇಳಿದ್ರೆ ನೀನು, ಹಸ್ಕೊಂಡಿತ್ತು ಅಂತೀಯ. ನಾನು ಕೇಳ್ತಿರೋದು ಹೆಂಗೆ ಕೂಗ್ತು ಅಂತ.”

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ವಕೀಲೆ ನಾಗಮಣಿ ಕೈಗಡಿಯಾರ ನೋಡಿಕೊಂಡಳು. ಚೆನ್ನೈನ ತ್ರಿಪ್ಲಿಕೇನಿನ ಆ ಒಂದೂವರೆ ಕೋಣೆಯ ಮನೆಯಲ್ಲಿ ಏಪ್ರಿಲ್ ತಿಂಗಳ ಸೆಕೆ ಮುಚ್ಚಿದ ಪಾತ್ರೆಯೊಳಗಿನ ಹಬೆಯಂತೆ ನಿಂತಿತ್ತು. ನಾಳೆ ಹನ್ನೊಂದು ಗಂಟೆಗೆ ಹುಚ್ಚಮ್ಮ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಠಾಣೆಯಲ್ಲಿ ಹೇಳಿ ಹೆಬ್ಬೆಟ್ಟು ಒತ್ತಿದ ಮಾತನ್ನು ಅಲ್ಲಿ ಪ್ರಮಾಣ ಮಾಡಿ ಇನ್ನೊಮ್ಮೆ ಹೇಳಿದರೆ, ಅವಳ ಮೊಮ್ಮಗ ಮೋಹನನ ಮೇಲೆ ಕೊಲೆಯ ಕೇಸು ಗಟ್ಟಿಯಾಗಿ ಕೂರುತ್ತದೆ.

ಅವಳು ಹೇಳಿದ್ದು ಒಂದೇ ಮಾತು. ಹೋದ ಭಾನುವಾರ ಮಧ್ಯಾಹ್ನ ಮೋಹನ ಮನೆಗೆ ಬಂದು, ಪಕ್ಕದ ಲಾಡ್ಜಿನ ಕಮಲಾಕರನನ್ನು ಸಾಯಿಸಿಬಿಟ್ಟು ಬಂದೆ ಎಂದನಂತೆ.

ಜಗಳಕ್ಕೆ ಕಾರಣ ಸಂಡಿಗೆ. ಕಮಲಾಕರ ಔಷಧಿ ಕಂಪನಿಯೊಂದರ ಪ್ರತಿನಿಧಿ. ಭಾನುವಾರ ಬಂದರೆ ಹಗಲೇ ಕುಡಿಯುವವನು. ಅವತ್ತು ಲಾಡ್ಜಿನ ಮಾಳಿಗೆಯಿಂದ ಮೋಟುಗೋಡೆ ದಾಟಿ ಈಚೆಗೆ ಬಂದು, ಹುಚ್ಚಮ್ಮ ಒಣಹಾಕಿದ್ದ ಅರಳು ಸಂಡಿಗೆಯ ಮೇಲೆ ಅಷ್ಟುದ್ದ ನಡೆದಿದ್ದ. ಕೇಳಿದ್ದಕ್ಕೆ ಮುದುಕಿಗೆ ಬಾಯಿಗೆ ಬಂದದ್ದು ಅಂದಿದ್ದ. ಮೋಹನ ಅವನನ್ನು ಹಿಂದಿನ ಓಣಿಯಲ್ಲಿ ಹಿಡಿದು ವಿಚಾರಿಸಿದ. ಅದೇ ಓಣಿಯಲ್ಲಿ ಸಂಜೆ ಐದಕ್ಕೆ ಕಮಲಾಕರ ಹೆಣವಾಗಿ ಸಿಕ್ಕಿದ.

ಮೋಹನ ಹೇಳುವುದು ಬೇರೆ. “ಒಂದೇ ಏಟು ಹೊಡೆದೆ. ಬಿದ್ದ. ಎತ್ತಿ ಗೋಡೆ ಹತ್ತಿರ ಕೂರಿಸಿ ಬಂದೆ. ನಾನು ಬರುವಾಗಲೂ ಬೈತಾನೇ ಇದ್ದ.” ಸ್ವಂತ ಅಜ್ಜಿಯೇ ಬೇರೆ ಮಾತು ಹೇಳಿದ ಮೇಲೆ ಇದನ್ನು ಯಾರು ನಂಬುತ್ತಾರೆ?

ಶಿವರಾಮು ನಂಬಿದ್ದ. ಕಷ್ಟವೆಂದರೆ ಅವನು ಅಜ್ಜಿಯನ್ನೂ ನಂಬಿದ್ದ.

ಎದುರು ಮನೆಯವನು, ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ನೋಡಿ ನಿವೃತ್ತನಾದವನು ಅವನು. ಟಿಕೆಟ್ ಇಲ್ಲದವನು ಕೇಳದಿದ್ದರೂ ಊರು, ಹೆಸರು, ಮಾವನ ಮನೆ ಎಲ್ಲ ಹೇಳುತ್ತಾನೆ. ಇದ್ದವನು ಸುಮ್ಮನೆ ಜೇಬಿಗೆ ಕೈ ಹಾಕುತ್ತಾನೆ. ಅಜ್ಜಿ, ಮೊಮ್ಮಗ ಇಬ್ಬರೂ ಸುಮ್ಮನೆ ಜೇಬಿಗೆ ಕೈ ಹಾಕುವ ಜಾತಿ. ಇಬ್ಬರದೂ ನಿಜವಾದರೆ ಸುಳ್ಳು ಎಲ್ಲಿದೆ? ಎರಡು ದಿನದಿಂದ ಅವನು ಇದನ್ನೇ ಮೆಲುಕು ಹಾಕುತ್ತಿದ್ದ. ಇಬ್ಬರಲ್ಲೂ ಇಲ್ಲದ್ದು ಇಬ್ಬರ ನಡುವೆ ಇರಬೇಕು ಎಂದು ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆದಿತ್ತು.

“ಅದ ಬುಡು ಅತ್ಲಾಗೆ,” ಎಂದಳು ಹುಚ್ಚಮ್ಮ. “ಲಾಯರಮ್ಮ, ಆ ನಂಬರ್‌ಗಳ ಇನ್ನೊಂದ್ಸತಿ ಯೋಳವ್ವ.”

ಹುಚ್ಚಮ್ಮನಿಗೆ ಅಕ್ಷರ ಬರದು. ನಾಗಮಂಗಲದ ಕಡೆಯ ಹಳ್ಳಿ. ಬ್ಯಾಂಕಿನಲ್ಲಿದ್ದ ಮಗ, ಸೊಸೆ ಗುವಾಹಟಿಗೆ ವರ್ಗವಾದಾಗ, ಇಲ್ಲೇ ಹುಟ್ಟಿ ಇಲ್ಲೇ ಓದಿ ಇಲ್ಲೇ ಕೆಲಸ ಹಿಡಿದ ಮೊಮ್ಮಗನಿಗೆ ಬೇಯಿಸಿ ಹಾಕಲು ಬಂದವಳು. ಬಂದ ಆರು ತಿಂಗಳಲ್ಲಿ ಅಂಕಿ ಗುರುತಿಸುವುದನ್ನು ಕಲಿತು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಬಾಯಿಪಾಠ ಮಾಡಿದ್ದಳು. ಕಾನೂನನ್ನೂ ಹಾಗೇ ಕಲಿಯಲು ಹೊರಟಿದ್ದಳು.

“ಮುನ್ನೂರ ಎರಡು ಎಲ್ಲಿಗೋಯ್ತದೆ?”

“ಅದು ಕೊಲೆ, ಅಜ್ಜಿ. ಗಲ್ಲು, ಇಲ್ಲಾಂದ್ರೆ ಜೀವಾವಧಿ.”

“ಅದು ಬ್ಯಾಡ. ಮುನ್ನೂರ ನಾಕು?”

“ಕೊಲೆ ಅಲ್ಲ, ಆದರೂ ಸಾಯೋ ಹಾಗೆ ಹೊಡೆದ ಅಂತಾದ್ರೆ ಅದು. ಉದ್ದೇಶ ಇರಲಿಲ್ಲ ಅಂತ ತೋರಿಸಿದ್ರೂ ಹತ್ತು ವರ್ಷದ ತನಕ ಹಾಕಬಹುದು.”

“ಹತ್ವರ್ಸಕ್ಕೆ ನಾನಿರಾಕಿಲ್ಲ. ಅದಕ್ಕಿಂತ ಗಿಡ್ಡುಂದು?”

“ಮುನ್ನೂರ ಇಪ್ಪತ್ತೈದು. ಮೂಳೆಗೀಳೆ ಮುರಿದಿದ್ರೆ. ಏಳು ವರ್ಷದ ತನಕ. ಇನ್ನೂ ಕೆಳಗೆ ಅಂದ್ರೆ ಮುನ್ನೂರ ಇಪ್ಪತ್ಮೂರು. ಬರೀ ಹೊಡೆದದ್ದಕ್ಕೆ. ಒಂದು ವರ್ಷ, ಇಲ್ಲ ದಂಡ, ಇಲ್ಲ ಎರಡೂ.”

“ಒಂದೇಟಿಗೆ ಆ ಬಸ್ ತಾನೆ ಅತ್ತಿಸ್ಬೇಕಾದ್ದು?”

“ಏಟು ತಿಂದವನು ಬದುಕಿದ್ರೆ, ಅಜ್ಜಿ.”

ಹುಚ್ಚಮ್ಮ ಒಂದು ಕಡ್ಡಿಯಿಂದ ಎಲೆ ಬಿಡಿಸಿದಳು. ಬಲಿತ ಕಡ್ಡಿಯನ್ನು ಪಕ್ಕಕ್ಕೆ ಹಾಕಿದಳು. ಎಳೆಯದನ್ನು ಉಳಿಸಿಕೊಂಡಳು.

“ಮೊನ್ನೆ ಜೈಲಿಗೆ ಓಗಿದ್ನಲ್ಲ. ನಾನೇ ಯೋಳಿ ಒಳಕ್ ಆಕ್ಸಿವ್ನಿ ಅಂತ ಗೊತ್ತು ಆ ಮೂದೇವಿಗೆ. ಒಂದ್ ಮಾತ್ ಬೈಬೇಕೋ ಬ್ಯಾಡ್ವೋ? ಜಾಲರಿ ಆಚೆಯಿಂದ ಮೂತಿ ಇಟ್ಕಂಡು, ‘ಅಜ್ಜೀ, ಸಾಪ್ಟಿಯಾ?’ ಅಂತದೆ. ಜೈಲಲ್ಲಿ ಇರೋನು ಅದು, ಉಣ್ಣದೆ ಇರೋಳು ನಾನಂತೆ.”

‘ಸಾಪ್ಟಿಯಾ’ ಎನ್ನುವಾಗ ಅವಳ ಗಂಟಲು ಬದಲಾಗಿತ್ತು. ಇಪ್ಪತ್ತಮೂರರ ಹುಡುಗನ ದಪ್ಪ ದನಿ, ಕೊನೆಯಲ್ಲಿ ಸ್ವಲ್ಪ ಎಳೆಯುವ ರಾಗ. ನಾಗಮಣಿಗೆ ನಗು ಬಂತು. ಶಿವರಾಮು ನಗಲಿಲ್ಲ.

“ಹಾಂ, ಇದೇ ಕಣವ್ವ ನಾನು ಕೇಳಿದ್ದು. ಉಂಡ್ಯಾ ಅಂದ ಅಂತ ಹೇಳ್ಲಿಲ್ಲ ನೀನು. ಅವನ ಗಂಟಲಲ್ಲೇ ಹೇಳ್ದೆ. ಭಾನುವಾರದ ಮಾತನ್ನೂ ಅದೇ ಗಂಟಲಲ್ಲಿ ಹೇಳು.”

“ಅದ ಎಷ್ಟ್ ಕಿತ ಯೋಳದು. ಸಾಯಿಸ್ಬುಟ್ಟೆ ಅಂದ.”

“ನಿನ್ನ ಮೊಮ್ಮಗ ನಿನ್ನ ಹತ್ರ ಕನ್ನಡ ಆಡ್ತಾನಾ?”

“ಎಲ್ಲಿ ಆಡದು. ನಾನ್ ಕನ್ನಡ್ದಲ್ ಬೈತೀನಿ, ಅವನು ತಮಿಳಲ್ ನಗ್ತಾನೆ. ಅವನಿಗ್ ನಂದು ತಿಳೀತದೆ, ನಂಗ್ ಅವನ್ದು ತಿಳೀತದೆ. ತಮಿಳು ಅರ್ಧ ನಮ್ ಮಾತೇ ಅಲ್ವಾ?”

ಹೀಗೆಂದೇ ಅವಳು ಬಂದ ಮೊದಲ ವಾರ ಬಾಗಿಲಲ್ಲಿ “ಪಾಲ್, ಪಾಲ್” ಎಂದು ಕೂಗಿದ ಹಾಲಿನವನನ್ನು, “ಯಾರ್ ಪಾಲಯ್ಯ, ಯಾವ್ ಆಸ್ತಿ ಬಂದದೆ?” ಎಂದು ನಿಲ್ಲಿಸಿಕೊಂಡು ಕೇಳಿದ್ದಳು. ಬೀದಿಯೆಲ್ಲ ನಕ್ಕಿತ್ತು. ಆಮೇಲೆ ಹಾಲಿನವನೇ ಕನ್ನಡದ ನಾಲ್ಕು ಮಾತು ಕಲಿತುಕೊಂಡ.

“ಹಂಗಾದ್ರೆ ಭಾನುವಾರವೂ ತಮಿಳಲ್ಲೇ ಹೇಳಿರಬೇಕು. ಕಣ್ಣು ಮುಚ್ಕೊ. ಅವನು ಒಳಗೆ ಬಂದ. ಏನು ಮಾಡ್ದ?”

ಹುಚ್ಚಮ್ಮ ಕಣ್ಣು ಮುಚ್ಚಿದಳು. ಬೀದಿಯಲ್ಲಿ ಯಾವುದೋ ಆಟೋ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗಿ ಹೋಯಿತು. ಅದು ದೂರವಾಗುವ ತನಕ ಶಿವರಾಮು ಕಾದ.

“ಚಪ್ಪಲಿ ಬುಟ್ಟ. ಬಿಂದಿಗೆಯಿಂದ ನೀರ್ ಕುಡ್ದ. ನಾನು, ಏನ್ಲಾ ಮಾಡ್ದೆ ಅವನ್ನ ಅಂದೆ. ಅದಕ್ಕೆ...” ಅವಳ ಗಂಟಲು ಮತ್ತೆ ಹುಡುಗನದಾಯಿತು. “ಅಜ್ಜೀ, ಅವನ ಸುವತ್ತುಲ ಸಾಯ್ಚುಟ್ಟು ವಂದುಟ್ಟೇನ್. ವಿಡು.”

ನಾಗಮಣಿ ಸ್ಟೂಲಿನಿಂದ ಎದ್ದೇಬಿಟ್ಟಳು. ಕಾಲು ತಗುಲಿ ಮೊರ ಮಗುಚಿತು.

“ಕೂತ್ಕೊಳಿ,” ಎಂದ ಶಿವರಾಮು ಮೆಲ್ಲಗೆ. ಆಮೇಲೆ ಹುಚ್ಚಮ್ಮನ ಕಡೆ ತಿರುಗಿದ. “ಸುವತ್ತುಲ ಅಂದ್ರೆ ಏನು ಅಂತ ತಿಳ್ಕೊಂಡೆ ಅವ್ವ?”

“ಯಾವ್ದೋ ಬೀದಿ ಎಸ್ರು ಅಂದ್ಕಂಡೆ. ಈ ಊರಲ್ಲಿ ಬೀದಿ ಎಸ್ರೆಲ್ಲ ಅಂಗೇ ಅವೆ.”

“ಬೀದಿ ಅಲ್ಲ. ಸುವರ್ ಅಂದ್ರೆ ಗೋಡೆ. ಸುವತ್ತುಲ, ಗೋಡೆಗೆ.”

“ಗೋಡೆಗೆ ಸಾಯಿಸದಾ?”

“ಸಾಯಿಸೋದಲ್ಲ. ಸಾಯ್ಚು ಅಂದ್ರೆ ಒರಗಿಸು. ಏಣೀನ ಗೋಡೆಗೆ ಒರಗಿಸಲ್ವಾ, ಹಂಗೆ. ಅವನನ್ನ ಗೋಡೆಗೆ ಒರಗಿಸಿ ಬಂದೆ, ಬಿಡು, ಅಂದಿದ್ದಾನೆ ನಿನ್ನ ಮೊಮ್ಮಗ.”

ಹುಚ್ಚಮ್ಮನ ತುಟಿ ಆಡಿತು. ಸಾಯ್ಚುಟ್ಟು ವಂದುಟ್ಟೇನ್. ಸಾಯಿಸ್ಬುಟ್ಟು ಬಂದ್ಬುಟ್ಟೆ. ಅವಳು ಎರಡನ್ನೂ ಒಂದೊಂದು ಕೈಯಲ್ಲಿ ಒಂದೊಂದು ಕಾಳು ಹಿಡಿದು ತೂಗುವವಳ ಹಾಗೆ ಮತ್ತೆ ಮತ್ತೆ ಹೇಳಿಕೊಂಡಳು. ನಾಗಮಂಗಲದ ಕಿವಿಗೆ ಎರಡೂ ಒಂದೇ. ತ್ರಿಪ್ಲಿಕೇನಿನಲ್ಲಿ ಮಾತ್ರ ಒಂದಕ್ಕೆ ಗೋಡೆ ಬೇಕು, ಇನ್ನೊಂದಕ್ಕೆ ಹಗ್ಗ.

“ಅಯ್ಯೋ ಮೂದೇವಿ ನನ್ಮಗನೆ,” ಎಂದಳು ಕೊನೆಗೆ. “ಅದ ಕನ್ನಡದಲ್ ಬೊಗಳಿದ್ರೆ ನಿನ್ ಗಂಟೇನ್ ಓಗದ್ಲಾ.”

ಬೈಗುಳ ಮುಗಿಯುವ ಮೊದಲೇ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಬೇರೆಯವರಿಗೆ ತಿಳಿಯುವಂತಿರಲಿಲ್ಲ. ನಾಗಮಣಿ ನೆಲದ ಮೇಲೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

“ನಾಳೆ ಇದನ್ನೇ ಹೇಳಿ ಅಜ್ಜಿ. ಈಗ ಹೇಳಿದಿರಲ್ಲ, ಹಾಗೇ, ಅವನ ಮಾತಲ್ಲೇ. ಮ್ಯಾಜಿಸ್ಟ್ರೇಟರು ತಮಿಳಿನವರು, ಕೇಳಿದ ತಕ್ಷಣ ಅರ್ಥ ಆಗತ್ತೆ.”

“ಮುನ್ನೂರ ಎರಡು?”

“ನಿಮ್ಮ ಬಾಯಿಂದ ಅಂತೂ ಅದು ಹೋಯ್ತು.”

ಹುಚ್ಚಮ್ಮ ಎದ್ದು ಒಲೆಯ ಕಡೆ ಹೋದಳು. ನಾಲ್ಕು ದಿನದಿಂದ ಆ ಮನೆಯಲ್ಲಿ ಮುದ್ದೆ ಕೂಡಿಸಿರಲಿಲ್ಲ. ಈಗ ಅವಳು ಯಾರನ್ನೂ ಕೇಳದೆ ಎಸರಿಟ್ಟಳು. “ಇಬ್ರೂ ಉಂಡ್ಕಂಡೇ ಓಗದು,” ಎಂದು ಗೋಡೆಗೆ ಹೇಳಿದಂತೆ ಹೇಳಿದಳು.

ನಾಗಮಣಿ ತನ್ನ ಚೀಲದಿಂದ ಕಾಗದದ ಕಟ್ಟು ತೆಗೆದಳು. ಅವಳ ಮುಖದಲ್ಲಿ ಈಗ ಬೇರೆ ಚುರುಕು.

“ಸಾರ್, ಇದನ್ನ ಕೇಳಿ. ಪೊಲೀಸರು ಬರೆದಿರೋ ಬಟ್ಟೆಯ ವಿವರ. ‘ಅಂಗಿಯ ಬೆನ್ನಿಗೆ ಕುತ್ತಿಗೆಯಿಂದ ಸೊಂಟದ ತನಕ ಗೋಡೆಯ ಸುಣ್ಣ.’ ಮಲಗಿದ್ದವನ ಬೆನ್ನಿಗೆ ಗೋಡೆಯ ಸುಣ್ಣ ಬರೋದು ಹೇಗೆ? ಒರಗಿ ಕೂತಿದ್ದ ಅನ್ನೋದಕ್ಕೆ ಇದೇ ಸಾಕ್ಷಿ.”

“ಸರಿ. ಡಾಕ್ಟರು ಏನಂತಾರೆ?”

“ಏಟಿಂದ ಸತ್ತಿಲ್ಲ. ತುಟಿ ಒಡೆದಿದೆ, ತಲೆ ಹಿಂದೆ ಸಣ್ಣ ಗಾಯ. ಕುಡಿದಿದ್ದ ಮೈ, ವಾಂತಿ ಬಂದು ಉಸಿರಿನ ದಾರಿಗೆ ಹೋಗಿ ಕಟ್ಟಿಕೊಂಡಿದೆ. ಹೊಡೆದು ಪ್ರಜ್ಞೆ ತಪ್ಪಿಸಿ ಬಿಟ್ಟದ್ದಕ್ಕೇ ಹೀಗಾಯ್ತು ಅನ್ನೋದು ಪೊಲೀಸರ ವಾದ.”

“ಕೂತವನು ಕಕ್ಕಿದ್ರೆ ಎದೆ ಮೇಲೆ ಬೀಳ್ತದೆ,” ಎಂದ ಶಿವರಾಮು. “ಗಂಟಲಿಗೆ ವಾಪಸ್ ಹೋಗಲ್ಲ. ಅಂಗಾತ ಮಲಗಿರಬೇಕು.”

ನಾಗಮಣಿ ಒಂದು ಫೋಟೋ ತೆಗೆದು ಅವನ ಕೈಗೆ ಕೊಟ್ಟಳು. ಲಾಡ್ಜಿನಲ್ಲಿ ಕಮಲಾಕರನ ಜೊತೆ ಅದೇ ಕೋಣೆಯಲ್ಲಿದ್ದ ರಘುರಾಮ ಐದು ಗಂಟೆಗೆ ಹೆಣ ನೋಡಿ ಪೊಲೀಸರಿಗೆ ತಿಳಿಸಿದ್ದ. ಅವರು ಬಂದು ತೆಗೆದ ಚಿತ್ರ ಅದು. ಕಮಲಾಕರ ಗೋಡೆಯಿಂದ ಎರಡು ಮೊಳ ಈಚೆಗೆ ಅಂಗಾತ ಮಲಗಿದ್ದ. ಬಾಯಿ ಅರ್ಧ ತೆರೆದಿತ್ತು. ಕಾಲು ಎರಡೂ ನೆಟ್ಟಗೆ, ಜೋಡಿಸಿಟ್ಟ ಹಾಗೆ. ಕೈ ಎದೆಯ ಮೇಲೆ.

“ಕುಡಿದವನು ತಾನಾಗಿ ಹಿಂಗೆ ಮಲಗ್ತಾನಾ?” ಎಂದ ಶಿವರಾಮು.

“ನನ್ನ ಪ್ರಶ್ನೆಯೂ ಅದೇ. ಮೋಹನ್ ಮನೆಗೆ ಬಂದ ಮೇಲೆ ಯಾರೋ ಅಲ್ಲಿಗೆ ಹೋಗಿದ್ದಾರೆ. ಅವನನ್ನ ಗೋಡೆಯಿಂದ ಎಳೆದು ಮಲಗಿಸಿದ್ದಾರೆ. ಮಲಗಿಸದೇ ಇದ್ದಿದ್ರೆ ಅವನು ಬದುಕ್ತಿದ್ದ ಸಾರ್. ಆ ಕೈ ಯಾರದು ಅಂತ ಸಿಕ್ಕಿಬಿಟ್ರೆ, ಮೋಹನ್ ಮುನ್ನೂರ ಇಪ್ಪತ್ಮೂರರಲ್ಲಿ ದಂಡ ಕಟ್ಟಿ ಮನೆಗೆ ಬರ್ತಾನೆ.”

ಒಲೆಯ ಮುಂದೆ ಸದ್ದು ನಿಂತಿತು.

ಹುಚ್ಚಮ್ಮ ತಿರುಗಿ ನಿಂತಿದ್ದಳು. ಕೈಯಲ್ಲಿ ಮುದ್ದೆ ತಿರುವುವ ಕೋಲು. ಮುಖದಲ್ಲಿ ಹೆದರಿಕೆಯಿರಲಿಲ್ಲ, ಕಳೆದುಹೋದ ಸಾಮಾನು ತನ್ನ ಮಡಿಲಲ್ಲೇ ಇತ್ತು ಎಂದು ಈಗಷ್ಟೇ ಕಂಡವಳ ಹಾಗಿದ್ದಳು.

“ಅದ ಮಲಗ್ಸಿದ್ದು ನಾನು ಕಣವ್ವ.”

ನಾಗಮಣಿಗೆ ಅದು ಕೇಳಿಸಿಯೂ ಕೇಳಿಸಲಿಲ್ಲ. “ಏನು?”

“ಮೋಹನ ಮೀಯಕ್ಕೋದ. ನಾನ್ ಓಣಿಗೋದೆ. ಗೋಡೆಗಾನ್ಕಂಡು ಕೂತಿತ್ತು, ತಲೆ ಜೋತಾಡ್ತಿತ್ತು. ಯಾರ್ ಎತ್ತ ಮಗನೋ. ಸಂಡಿಗೆ ತುಳಿದ್ರೆ ತುಳೀಲಿ, ಸತ್ತೋನ್ ಮ್ಯಾಕೆ ಎಂತಾ ಕ್ವಾಪ. ಹೆಣನ ಕೂತಂಗೇ ಬುಟ್ರೆ ಅಂಗೇ ಸೆಟ್ಕತದೆ, ಆಮ್ಯಾಕೆ ಕಾಲ್ ನೀಡಕ್ಕಾಗಕಿಲ್ಲ, ಎತ್ತೋರ್ಗೂ ಕಷ್ಟ. ಅದ್ಕೆ ತೆಂಕ್ಲಾಗಿ ತಲೆ ಮಾಡಿ ಮಲಗಿಸ್ದೆ. ಕೈ ಜೋಡಿಸ್ದೆ.”

“ಉಸಿರು ನೋಡಲಿಲ್ವಾ ಅಜ್ಜಿ?” ಎಂದಳು ನಾಗಮಣಿ.

“ಸಾಯಿಸ್ಬುಟ್ಟೆ ಅಂತ ನಮ್ ಮೊಗವೇ ಯೋಳದ್ಮೇಲೆ ಏನ್ ನೋಡದವ್ವ. ಮೈ ಬೆಚ್ಚಗಿತ್ತು. ಈಗಿನ್ನೂ ಓಗ್ಯದೆ, ಅದ್ಕೆ ಅಂದ್ಕಂಡೆ. ಮಲಗಿಸ್ದಾಗ ಒಂದ್ ಕಿತ ಹ್ಞೂಂ ಅಂತು. ಒಟ್ಟೇಲಿ ಇದ್ದ ಗಾಳಿ ಅಂದ್ಕಂಡೆ.”

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

“ಇದನ್ನ ಪೊಲೀಸರ ಮುಂದೆ ಯಾಕೆ ಹೇಳಲಿಲ್ಲ?”

“ಮುಟ್ಟಿದ್ದ ಯೋಳ್ಬ್ಯಾಡ ಅಂದ್ರು. ಸಾಕ್ಸಿ ಅಳಿಸಿದ ಕೇಸಾಯ್ತದೆ, ಮೊಮ್ಮಗನ ಸಿಕ್ಸೆ ಇನ್ನೂ ಜಾಸ್ತಿ ಆಯ್ತದೆ ಅಂದ್ರು. ಸಾಯಿಸ್ಬುಟ್ಟೆ ಅಂದ ಅನ್ನೋದ ಮಾತ್ರ ನಿಜವಾಗಿ ಯೋಳ್ಬುಟ್ರೆ ಗಲ್ಲು ತಪ್ತದೆ ಅಂದ್ರು.” ಅವಳು ಕೋಲನ್ನು ಕೆಳಗಿಟ್ಟು, ಎರಡೂ ಕೈ ಸೆರಗಿಗೆ ಒರಸಿಕೊಂಡು ನಾಗಮಣಿಯ ಎದುರು ಬಂದು ಕೂತಳು. “ಬರ್ಕೊ ತಾಯಿ. ಮಲಗ್ಸಿದೋಳು ನಾನು ಅಂತ ಬರ್ಕೊ. ನನ್ ಯಾವ್ ನಂಬರಿಗ್ ಬೇಕಾದ್ರೂ ಅತ್ತಿಸ್ಲಿ. ನಮ್ ಮೊಗ ಮನೆಗ್ ಬತ್ತದೆ ತಾನೆ?”

ನಾಗಮಣಿ ಪೆನ್ನಿನ ಮುಚ್ಚಳ ತೆಗೆದಳು. ಹಾಕಿದಳು. ಸತ್ತಿದ್ದಾನೆ ಎಂದು ನಂಬಿ ಮಲಗಿಸಿದ್ದಕ್ಕೆ ಕಾನೂನು ಏನನ್ನುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಜಾಗರೂಕತೆಯಿಂದ ಸಾವು ಎಂದರೆ ಎರಡು ವರ್ಷ. ಒಳ್ಳೆಯ ನ್ಯಾಯಾಧೀಶರಾದರೆ ಅದೂ ಇಲ್ಲ. ಆದರೆ ಎಪ್ಪತ್ತಮೂರರ ಈ ಮುದುಕಿಯ ಬಾಯಿಂದ ಅದನ್ನು ಬರೆದುಕೊಳ್ಳಲು ಕೈ ಏಳಲಿಲ್ಲ.

ಶಿವರಾಮು ಇನ್ನೂ ಫೋಟೋ ಹಿಡಿದೇ ಇದ್ದ. ಕಮಲಾಕರ ಭಾರದ ಆಳು. ನೆಲ್ಲು ತುಂಬಿದ ಚೀಲದ ಹಾಗೆ.

“ಅವ್ವ,” ಎಂದ. “ಈ ಮೈನ ನೀನೊಬ್ಬಳೇ ಎಳೆದೆಯಾ?”

“ಒಬ್ಬಳ ಕೈಲಿ ಎಲ್ಲಾಯ್ತದಪ್ಪ. ತಲೆ ನಾನ್ ಇಡ್ಕಂಡೆ, ಕಾಲ ಆ ಹುಡ್ಗ ಇಡ್ಕತು.”

“ಯಾವ ಹುಡುಗ?”

“ಅದೇ, ಅದರ್ ಜೊತೆ ರೂಮಲ್ಲಿದ್ನಲ್ಲ, ನಮ್ ಮೈಸೂರ್ ಕಡೆಯೋನು. ರಘುರಾಮ. ಓಣಿ ಬಾಗಿಲಲ್ಲೇ ನಿಂತಿದ್ದ. ನಮ್ ಹುಡುಗ ಸಾಯಿಸ್ಬುಟ್ಟವ್ನೆ ಕಣಪ್ಪ ಅಂತ ಅವನ ಕೈ ಇಡ್ಕಂಡು ಅತ್ತೆ. ವಸಿ ಹೊತ್ತು ನನ್ ಮೊಕವ, ಅದರ್ ಮೊಕವ ನೋಡ್ದ. ಆಮ್ಯಾಕೆ, ಸರಿ ಅಜ್ಜಿ, ಮಲಗಿಸ್ಬುಡಾಣ ಅಂದ.”

ಐದು ಗಂಟೆಗೆ ಮೊದಲ ಸಲ ನೋಡಿದೆ ಎಂದು ಬರೆದುಕೊಟ್ಟಿದ್ದ ರಘುರಾಮ. ನಾಗಮಣಿ ಹೇಳಿಕೆಯ ಕೊನೆಯ ಹಾಳೆ ತಿರುಗಿಸಿದಳು. ಹುಚ್ಚಮ್ಮನ ಹೆಬ್ಬೆಟ್ಟಿನ ಕೆಳಗೆ, ಅವಳ ಕನ್ನಡವನ್ನು ತಮಿಳಿಗೆ ಮಾಡಿ ಹೇಳಿದವರು ಎಂಬಲ್ಲಿ, ಅದೇ ಹೆಸರಿನ ಸಹಿ ದುಂಡಗೆ ಕೂತಿತ್ತು.

“ಮುಟ್ಟಿದ್ದು ಹೇಳಬೇಡ ಅಂದವನೂ ಅವನೇನಾ?” ಎಂದ ಶಿವರಾಮು.

“ಹೂಂ ಕಣಪ್ಪ. ಬಲು ನಯದ ಹುಡ್ಗ. ಹೆಣದ ಬಾಯಿ ತೆರ್ಕಬಾರ್ದು, ಗಲ್ಲಕ್ಕೆ ಬಟ್ಟೆ ಕಟ್ಬೇಕು ಅಂತ ನಾನ್ ನನ್ ಸೆರಗು ಅರಿಯಕ್ಕೋದ್ರೆ, ನೀವೋಗಿ ಅಜ್ಜಿ, ಯಾರಾದ್ರೂ ನೋಡ್ತಾರೆ, ಅದ ನಾನ್ ಕಟ್ತೀನಿ ಅಂದ. ತಿರುಗ್ ನೋಡ್ದೆ. ಅವನ್ ಟವಲಿಂದ ಬಿಗಿಯಾಗ್ ಕಟ್ತಾ ಕೂತಿದ್ದ.”

ಶಿವರಾಮು ಫೋಟೋವನ್ನು ನಾಗಮಣಿಯ ಮುಂದೆ ನೆಲದ ಮೇಲಿಟ್ಟ. ಕಮಲಾಕರನ ಗಲ್ಲಕ್ಕೆ ಟವಲಿರಲಿಲ್ಲ. ಕರವಸ್ತ್ರದಷ್ಟು ಬಟ್ಟೆಯೂ ಇರಲಿಲ್ಲ. ಬಿಗಿದು ಕಟ್ಟಿದ ಬಾಯಿಂದ ವಾಂತಿ ಹೊರಗೆ ಬರುವುದು ಹೇಗೆ?

ಹುಚ್ಚಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು.

“ಯಾಕ್ ಮೊಕ ಇಂಗ್ ಮಾಡ್ಕತೀರಿ? ನಾಳೀಕೆ ಎಲ್ಲಾನೂ ನಾನೇ ಸರಿಯಾಗ್ ಯೋಳ್ತೀನಿ. ತಮಿಳ್ ಬರಕಿಲ್ಲ ಅಂತ ಎದ್ರಬ್ಯಾಡಿ. ಕೋರ್ಟಲ್ಲೂ ನನ್ ಮಾತ ಮಾಡಿ ಯೋಳಕ್ಕೆ ಅವನ್ನೇ ಬರೇಳವ್ರಂತೆ.”